ವಕೀಲರ ಫೀಸಿಗೆ ಕಾಲಮ್ಮಿಲ್ಲ

‘ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ಕಡಿಮೆ. ಸೋತವನ ಪಾಡು ಅರ್ಥವಾಗುತ್ತದೆ. ಗೆದ್ದವನು ಸೋಲುವುದು ಹೇಗೆ? ಇದಕ್ಕೆ ಉತ್ತರ ಬೇಕಿದ್ದರೆ ಜುಲೈ ತಿಂಗಳ ಕೊನೆಯ ವಾರ ಮೈಸೂರಿನ ಯಾವುದಾದರೂ ಆಡಿಟರ ಕಚೇರಿಯಲ್ಲಿ ಅರ್ಧ ಗಂಟೆ ಕುಳಿತರೆ ಸಾಕು. ವರಮಾನ ತೆರಿಗೆಯ ರಿಟರ್ನ್ಸ್ ಸಲ್ಲಿಸುವ ಅವಸರದಲ್ಲಿ ಬಂದವರ ಸಾಲಿನಲ್ಲಿ, ದಪ್ಪ ಫೈಲು ಹಿಡಿದ ಒಬ್ಬರನ್ನು ಕಲ್ಪಿಸಿಕೊಳ್ಳೋಣ. ಅವರು ಒಂದು ಊದಿನಕಡ್ಡಿ ಕಾರ್ಖಾನೆಯಲ್ಲಿ ಲೆಕ್ಕದ ಗುಮಾಸ್ತರು. ಮಾಲೀಕರು ಅವರನ್ನು ಕೆಲಸದಿಂದ ವಜಾ ಮಾಡಿದರು. ಇವರು ಕಾರ್ಮಿಕ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಆರೇಳು ವರ್ಷ ಅಲೆದ ಮೇಲೆ, ವಜಾ ಮಾಡಿದ್ದು ತಪ್ಪು, ಹಿಂಬಾಕಿ ಸಂಬಳ ಕೊಟ್ಟು ಮರಳಿ ಕೆಲಸಕ್ಕೆ ಸೇರಿಸಿಕೊಳ್ಳಿ ಎಂದು ತೀರ್ಪಾಯಿತು. ಆರು ಲಕ್ಷ ರೂಪಾಯಿ ಒಂದೇ ಗಂಟಾಗಿ ಕೈಗೆ ಬಂತು. ಅದರಲ್ಲಿ ಒಂದು ಲಕ್ಷ ವಕೀಲರ ಫೀಸು, ನಕಲು, ಟೈಪು, ಓಡಾಟಗಳಿಗೆ ಹೋಗಿತ್ತು.

‘ಇದನ್ನು ಎಲ್ಲಿ ತೋರಿಸಲಿ ಸ್ವಾಮಿ?’ ಎಂದು ಅವರು ರಸೀದಿಗಳನ್ನು ಮೇಜಿನ ಮೇಲಿಡುತ್ತಾರೆ.

‘ಅದಕ್ಕೆ ಕಾಲಮ್ಮಿಲ್ಲ ರಾಯರೇ’ ಎನ್ನುತ್ತಾರೆ ಆಡಿಟರು.

ಕೈಗೆ ಉಳಿದದ್ದು ಐದು ಲಕ್ಷ. ತೆರಿಗೆಯ ಲೆಕ್ಕಕ್ಕೆ ಹಿಡಿಯುವುದು ಆರು ಲಕ್ಷ. ಅದೇ ಬೀದಿಯ ಇನ್ನೊಂದು ಆಡಿಟರ ಕಚೇರಿಯಲ್ಲಿ ಆ ಕಾರ್ಖಾನೆಯ ಮಾಲೀಕರ ಲೆಕ್ಕವೂ ತಯಾರಾಗುತ್ತಿರುತ್ತದೆ. ಈ ಮೊಕದ್ದಮೆಗಾಗಿ ಮಾಲೀಕರು ತಮ್ಮ ವಕೀಲರಿಗೆ ಕೊಟ್ಟ ಫೀಸು ಅಲ್ಲಿ ವ್ಯಾಪಾರದ ಖರ್ಚೆಂದು ಸೇರುತ್ತದೆ. ಲಾಭದಿಂದ ಅದನ್ನು ಕಳೆದು ಉಳಿದದ್ದಕ್ಕೆ ಮಾತ್ರ ತೆರಿಗೆ. ಒಂದೇ ವ್ಯಾಜ್ಯ, ಒಂದೇ ಕೋರ್ಟು, ಒಂದೇ ತೀರ್ಪು. ಸೋತವರ ಫೀಸಿಗೆ ಲೆಕ್ಕವುಂಟು, ಗೆದ್ದವರ ಫೀಸಿಗೆ ಇಲ್ಲ. ಕೆಲಸದಿಂದ ವಜಾ ಆದವನ ಖರ್ಚು ವರಮಾನದಿಂದ ವಜಾ ಆಗುವುದಿಲ್ಲ.

ಇದು ಯಾವುದೋ ಅಧಿಕಾರಿಯ ಕಿರುಕುಳದಿಂದ ಹುಟ್ಟಿದ ತಾರತಮ್ಯವಲ್ಲ. ಕಾನೂನೇ ಹಾಗಿದೆ. ಕಾನೂನು ಹಾಗಾದದ್ದರ ಹಿಂದೆ ನೂರೈವತ್ತು ವರ್ಷಗಳಿಗೂ ಮಿಕ್ಕ ಇತಿಹಾಸವಿದೆ. ಆ ಇತಿಹಾಸದಲ್ಲಿ ಒಂದು ಕುದುರೆ ಬರುತ್ತದೆ, ಒಂದು ಪದ ಬರುತ್ತದೆ, ಹತ್ತು ವರ್ಷ ತೆರೆದು ಮುಚ್ಚಿಹೋದ ಒಂದು ಬಾಗಿಲೂ ಬರುತ್ತದೆ.

ಸಂಬಳದ ಜಗಳ ಹಳೆಯದು

ಸಂಬಳಕ್ಕಾಗಿ ನಡೆಯುವ ವ್ಯಾಜ್ಯ ಕಾರ್ಖಾನೆಗಳ ಕಾಲದಲ್ಲಿ ಹುಟ್ಟಿದ್ದಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಪಂಡಿತ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ, 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ‘ಅರ್ಥಶಾಸ್ತ್ರ’ದಲ್ಲಿ ಕೂಲಿಯಾಳು ಮತ್ತು ಒಡೆಯನ ನಡುವಣ ವ್ಯವಹಾರಕ್ಕೆಂದೇ ಪ್ರಕರಣಗಳಿವೆ. ದುಡಿದವನಿಗೆ ವೇತನ ಕೊಡದಿದ್ದರೆ ಅದರ ಹತ್ತನೆಯ ಒಂದು ಪಾಲು ಅಥವಾ ಆರು ಪಣ ದಂಡ ಎಂದು ಅಲ್ಲಿ ವಿಧಿಸಲಾಗಿದೆ. ದಾವೆಯಲ್ಲಿ ಸೋತವನು ತೆರಬೇಕಾದ ದಂಡದ ಪ್ರಮಾಣವೂ ಇದೆ. ಸಂಬಳ ಬಾರದವನು ನ್ಯಾಯ ಕೇಳಬಹುದು, ಕೇಳುವುದಕ್ಕೆ ಖರ್ಚಾಗುತ್ತದೆ, ಆ ಖರ್ಚನ್ನು ಯಾರು ಹೊರಬೇಕು ಎಂಬುದೂ ರಾಜ್ಯ ಯೋಚಿಸಬೇಕಾದ ವಿಷಯ ಎಂಬ ತಿಳಿವಳಿಕೆ ಅಷ್ಟು ಹಳೆಯದು.

ಇಂದು ಮೈಸೂರಿನ ನೌಕರ ಹೋಗಬೇಕಾದ ಕಟ್ಟೆಗಳು ಬೇರೆ ಬೇರೆ. ಕಾರ್ಖಾನೆಯ ಕೆಲಸಗಾರನಿಗೆ ಕಾರ್ಮಿಕ ನ್ಯಾಯಾಲಯ. ಖಾಸಗಿ ಶಾಲೆಯಿಂದ ವಜಾ ಆದ ಶಿಕ್ಷಕರಿಗೆ 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಂತೆ ಜಿಲ್ಲಾ ನ್ಯಾಯಾಧೀಶರೇ ಕೂರುವ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿ. ರಾಜ್ಯ ಸರ್ಕಾರದ ನೌಕರರಿಗೆ 1986ರಲ್ಲಿ ಸ್ಥಾಪನೆಯಾದ ಕರ್ನಾಟಕ ಆಡಳಿತ ನ್ಯಾಯಮಂಡಳಿ. ಬಡ್ತಿ ತಪ್ಪಿದ ತಾಲ್ಲೂಕು ಕಚೇರಿಯ ಗುಮಾಸ್ತರೂ ಪಿಂಚಣಿ ತಡೆಹಿಡಿಯಲ್ಪಟ್ಟ ಮೇಷ್ಟ್ರೂ ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್ ಹಿಡಿದು ಬೆಂಗಳೂರಿಗೆ ಹೋಗಿ ಅದರ ಮುಂದೆ ನಿಲ್ಲಬೇಕು. ರೈಲ್ವೆ ಕಾರ್ಯಾಗಾರ, ಕೇಂದ್ರೀಯ ಆಹಾರ ಸಂಶೋಧನಾಲಯದಂಥ ಕೇಂದ್ರದ ಸಂಸ್ಥೆಗಳು ಮೈಸೂರಿನಲ್ಲಿ ಹಲವಿವೆ. ಕೇಂದ್ರದ ನೌಕರರ ಸೇವಾ ತಕರಾರಿಗೆ ಕೇಂದ್ರ ಆಡಳಿತ ನ್ಯಾಯಮಂಡಳಿಯ ಬೆಂಗಳೂರು ಪೀಠವಿದೆ. ಕಟ್ಟೆ ಯಾವುದೇ ಇರಲಿ, ಫೀಸು ತಪ್ಪಿದ್ದಲ್ಲ. ತೆರಿಗೆಯ ಲೆಕ್ಕದಲ್ಲಿ ಆ ಫೀಸಿಗೆ ಸಿಗುವ ಉತ್ತರವೂ ಎಲ್ಲರಿಗೂ ಒಂದೇ.

ಸಂಬಳಕ್ಕೆ ಬೇರೆ ಪಂಕ್ತಿ

ವರಮಾನ ತೆರಿಗೆಯ ಮೂಲ ತತ್ವ ಸರಳವಾದದ್ದು. ಬಂದ ಹಣವೆಲ್ಲ ವರಮಾನವಲ್ಲ. ಅದನ್ನು ಗಳಿಸಲು ಮಾಡಿದ ಖರ್ಚನ್ನು ಕಳೆದು ಉಳಿದದ್ದು ವರಮಾನ. ಸಂತೆಯಲ್ಲಿ ಸಾವಿರ ರೂಪಾಯಿಯ ಸೊಪ್ಪು ಮಾರಿದವಳು ಎಂಟು ನೂರು ಕೊಟ್ಟು ಅದನ್ನು ತಂದಿದ್ದರೆ, ಅವಳ ಸಂಪಾದನೆ ಸಾವಿರವೆಂದು ಯಾರೂ ಹೇಳುವುದಿಲ್ಲ.

ಇಂಡಿಯಾದಲ್ಲಿ ಈ ತೆರಿಗೆ ಮೊದಲು ಬಂದದ್ದು 1860ರಲ್ಲಿ. 1857ರ ದಂಗೆಯನ್ನು ಅಡಗಿಸುವಲ್ಲಿ ಬರಿದಾದ ಬೊಕ್ಕಸವನ್ನು ತುಂಬಲು ಜೇಮ್ಸ್ ವಿಲ್ಸನ್ ಇದನ್ನು ಸೂಚಿಸಿದರು. ಬಿಟ್ಟು ಬಿಟ್ಟು ನಡೆದ ಈ ತೆರಿಗೆ 1886ರ ಕಾಯ್ದೆಯಿಂದ ಕಾಯಂ ಆಯಿತು. ಆ ಕಾಯ್ದೆ ವರಮಾನವನ್ನು ನಾಲ್ಕು ಪಂಕ್ತಿಗಳಲ್ಲಿ ಕೂರಿಸಿತು: ಸಂಬಳ ಮತ್ತು ಪಿಂಚಣಿ, ಕಂಪೆನಿಗಳ ಲಾಭ, ಸಾಲಪತ್ರಗಳ ಬಡ್ಡಿ, ಮಿಕ್ಕ ಮೂಲಗಳು. ಸಂಬಳಕ್ಕೆ ಬೇರೆ ಪಂಕ್ತಿ ಸಿಕ್ಕಿದ್ದು ಗೌರವಕ್ಕಲ್ಲ, ವಸೂಲಿಯ ಅನುಕೂಲಕ್ಕೆ. ಸರ್ಕಾರಿ ನೌಕರನ ಸಂಬಳದಿಂದ ಕೊಡುವಾಗಲೇ ತೆರಿಗೆ ಹಿಡಿದುಕೊಳ್ಳಬಹುದಿತ್ತು. ವ್ಯಾಪಾರಿಯ ಬಳಿ ಹೋಗಿ ಲೆಕ್ಕದ ಪುಸ್ತಕ ನೋಡಬೇಕು, ಏನು ಬಂತು, ಏನು ಹೋಯಿತು ಎಂದು ಕೇಳಬೇಕು. ಸಂಬಳದಾರನನ್ನು ಏನೂ ಕೇಳಬೇಕಾಗಿಲ್ಲ. ಅವನಿಗೂ ಖರ್ಚುಗಳಿರಬಹುದು ಎಂಬ ಪ್ರಶ್ನೆ ಏಳದಂತೆ ಆದದ್ದು ಇಲ್ಲಿಂದ.

ಮೈಸೂರು ಸಂಸ್ಥಾನಕ್ಕೆ ಬ್ರಿಟಿಷ್ ಇಂಡಿಯಾದ ಈ ಕಾಯ್ದೆ ನೇರವಾಗಿ ಅನ್ವಯಿಸುತ್ತಿರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಆಲ್ಬಿಯನ್ ಬ್ಯಾನರ್ಜಿಯವರು ದಿವಾನರಾಗಿದ್ದಾಗ, ಸಂಸ್ಥಾನದ್ದೇ ಆದ 1923ರ ಮೈಸೂರು ವರಮಾನ ತೆರಿಗೆ ಕಾಯ್ದೆ ಬಂತು. ಬ್ರಿಟಿಷ್ ಇಂಡಿಯಾದ 1922ರ ಕಾಯ್ದೆಯೇ ಅದಕ್ಕೆ ಮಾದರಿ. ಸಂಸ್ಥಾನ ಭಾರತದಲ್ಲಿ ವಿಲೀನವಾದ ಮೇಲೆ, 1950ರ ಏಪ್ರಿಲ್ 1ರಿಂದ ಕೇಂದ್ರದ ಕಾಯ್ದೆ ಇಲ್ಲಿಗೂ ಹಬ್ಬಿತು. ಅಂದಿನಿಂದ ಮೈಸೂರಿನ ಗುಮಾಸ್ತರ ಲೆಕ್ಕವೂ ಮುಂಬಯಿಯ ಗುಮಾಸ್ತರ ಲೆಕ್ಕವೂ ಒಂದೇ ಪುಸ್ತಕದಿಂದ ನಡೆಯುತ್ತಿದೆ.

ಕುದುರೆ ಮತ್ತು ಒಂದು ಪದ

ಆ ಪುಸ್ತಕದ ಭಾಷೆ ಎಲ್ಲಿಯದು ಎಂದು ತಿಳಿಯಲು ಸ್ವಲ್ಪ ಇಂಗ್ಲೆಂಡಿಗೆ ಹೋಗಿ ಬರಬೇಕು. ನಮ್ಮ ತೆರಿಗೆ ಕಾನೂನಿನ ಅನೇಕ ಮಾತುಗಳು ಅಲ್ಲಿಂದ ಬಂದವು. ಅಲ್ಲಿನ 1853ರ ಕಾಯ್ದೆ ನೌಕರನಿಗೆ ಕೆಲವು ಖರ್ಚುಗಳನ್ನು ಕಳೆದುಕೊಳ್ಳಲು ಬಿಟ್ಟಿತು. ಕರ್ತವ್ಯದ ಮೇಲೆ ಮಾಡಿದ ಪ್ರಯಾಣದ ಖರ್ಚು ಒಂದು. ಕರ್ತವ್ಯ ನಿರ್ವಹಿಸಲು ಕುದುರೆ ಸಾಕಬೇಕಾಗಿ ಬಂದರೆ ಅದರ ಖರ್ಚು ಇನ್ನೊಂದು. ಇವಲ್ಲದೆ ‘ಪೂರ್ಣವಾಗಿ, ಕೇವಲ ಅದಕ್ಕಾಗಿಯೇ, ಮತ್ತು ಅವಶ್ಯವಾಗಿ’ ಕರ್ತವ್ಯ ನಿರ್ವಹಣೆಯಲ್ಲಿ ಮಾಡಿದ ಬೇರೆ ಖರ್ಚು. ಕುದುರೆಗಳ ಕಾಲ ಹೋಗಿ ಮೋಟಾರು ಬಂದರೂ ಆ ಕುದುರೆ ಬಹುಕಾಲ ಕಾನೂನಿನ ಪುಟದಲ್ಲಿ ನಿಂತೇ ಇತ್ತು.

ಕುದುರೆಗಿಂತ ಗಟ್ಟಿಯಾಗಿ ನಿಂತದ್ದು ‘ಅವಶ್ಯವಾಗಿ’ ಎಂಬ ಪದ. ಲಂಡನ್ನಿನಲ್ಲಿ ವಕೀಲಿ ಮಾಡುತ್ತಿದ್ದ ಒಬ್ಬರು ಪೋರ್ಟ್ಸ್‌ಮತ್ ಎಂಬ ಊರಿಗೆ ನ್ಯಾಯಾಧಿಕಾರಿಯಾಗಿ ನೇಮಕಗೊಂಡರು. ಅಲ್ಲಿಗೆ ಹೋಗಿ ಬರುವ ರೈಲಿನ ಖರ್ಚು, ಹೋಟೆಲಿನ ಖರ್ಚುಗಳನ್ನು ಆ ಹುದ್ದೆಯ ಸಂಬಳದಿಂದ ಕಳೆಯಬೇಕೆಂದು ಕೇಳಿದರು. ಅಂದಿನ ಅಲ್ಲಿಯ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ 1925ರಲ್ಲಿ ಒಪ್ಪಲಿಲ್ಲ. ಹುದ್ದೆ ಇರುವುದು ಪೋರ್ಟ್ಸ್‌ಮತ್‌ನಲ್ಲಿ, ಲಂಡನ್ನಿನಲ್ಲಿ ಇರುವುದು ನಿಮ್ಮ ಇಷ್ಟ, ಆ ಹುದ್ದೆಯಲ್ಲಿ ಯಾರೇ ಕೂತರೂ ಮಾಡಲೇಬೇಕಾದ ಖರ್ಚು ಮಾತ್ರ ಅವಶ್ಯ ಎಂಬುದು ತೀರ್ಪಿನ ತಾತ್ಪರ್ಯ.

ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದದ್ದು ಈಗಲ್ಸ್ ವಿರುದ್ಧ ಲೆವಿ ಎಂಬ 1934ರ ಮೊಕದ್ದಮೆ. ತನಗೆ ಬರಬೇಕಾದ ಪ್ರತಿಫಲಕ್ಕಾಗಿ ನೌಕರನೊಬ್ಬ ತನ್ನ ಧಣಿಯ ಮೇಲೆ ದಾವೆ ಹೂಡಿದ್ದ. ಆ ದಾವೆಯ ಖರ್ಚನ್ನು ಕಳೆಯಲು ಆಗದು ಎಂದು ತೀರ್ಪಾಯಿತು. ಕಾರಣ ಇಷ್ಟೆ: ದುಡಿಯುವುದು ಕರ್ತವ್ಯ, ದುಡಿದದ್ದಕ್ಕೆ ಹಣ ವಸೂಲಿ ಮಾಡುವುದು ಕರ್ತವ್ಯವಲ್ಲ. ನಮ್ಮ ಊದಿನಕಡ್ಡಿ ಕಾರ್ಖಾನೆಯ ಗುಮಾಸ್ತರ ಫೈಲಿಗೆ ಬರೆದ ಷರಾ ಇದೇ.

ವ್ಯಾಪಾರಕ್ಕೆ ಉದಾರ ಕಣ್ಣು

ನಮ್ಮ 1922ರ ಕಾಯ್ದೆ ಮೊದಲು ವ್ಯಾಪಾರಿಯ ವಿಷಯದಲ್ಲೂ ಬಿಗಿಯಾಗಿತ್ತು. ಲಾಭ ಗಳಿಸುವ ಏಕೈಕ ಉದ್ದೇಶದಿಂದ ಮಾಡಿದ ಖರ್ಚನ್ನು ಮಾತ್ರ ಒಪ್ಪುತ್ತಿತ್ತು. 1939ರ ತಿದ್ದುಪಡಿ ಅದನ್ನು ಸಡಿಲಿಸಿತು. ‘ವ್ಯಾಪಾರದ ಉದ್ದೇಶಕ್ಕಾಗಿ ಪೂರ್ಣವಾಗಿ ಮತ್ತು ಕೇವಲ ಅದಕ್ಕಾಗಿಯೇ’ ಮಾಡಿದ ಖರ್ಚಾದರೆ ಸಾಕು ಎಂದಾಯಿತು. 1961ರ ಕಾಯ್ದೆಯ 37ನೆಯ ಕಲಮು ಇದನ್ನೇ ಮುಂದುವರಿಸಿತು. ಗಮನಿಸಬೇಕಾದ್ದು ಇಲ್ಲಿ ಇಲ್ಲದ ಪದವನ್ನು. ನೌಕರನಿಗೆ ಕಟ್ಟಿದ ‘ಅವಶ್ಯವಾಗಿ’ ಎಂಬ ಗಂಟು ವ್ಯಾಪಾರಿಗೆ ಇಲ್ಲ. ನೌಕರನ ಖರ್ಚು ‘ಕರ್ತವ್ಯ ನಿರ್ವಹಣೆಯಲ್ಲಿ’ ಆಗಬೇಕು. ವ್ಯಾಪಾರಿಯದು ‘ವ್ಯಾಪಾರದ ಉದ್ದೇಶಕ್ಕಾಗಿ’ ಆದರೆ ಸಾಕು. ಮೊದಲನೆಯದು ಕಿಟಕಿ, ಎರಡನೆಯದು ಹೆಬ್ಬಾಗಿಲು.

ಹೆಬ್ಬಾಗಿಲಲ್ಲೂ ತಡೆಗಳಿದ್ದವು. ಎಚ್. ಹಿರ್ಜಿ ಎಂಬುವರು ಬೆಂಗಾಲ್ ಕೆಮಿಕಲ್ ಕಂಪೆನಿಯ ಮಾರಾಟದ ಏಜೆಂಟರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹೆಚ್ಚು ಬೆಲೆಗೆ ಮಾಲು ಮಾರಿದರೆಂದು ಲಾಭಕೋರತನದ ಸುಗ್ರೀವಾಜ್ಞೆಯಡಿ ಅವರ ಮೇಲೆ ಮೊಕದ್ದಮೆಯಾಯಿತು. ಅವರು ನಿರ್ದೋಷಿ ಎಂದು ಬಿಡುಗಡೆಯಾದರು. ವಕೀಲರಿಗಾಗಿ ಖರ್ಚಾದ ಹತ್ತು ಸಾವಿರಕ್ಕೂ ಮಿಕ್ಕ ರೂಪಾಯಿಯನ್ನು ಲಾಭದಿಂದ ಕಳೆಯಬೇಕೆಂದರು. ಕ್ರಿಮಿನಲ್ ಆಪಾದನೆಯಿಂದ ಪಾರಾಗಲು ಮಾಡಿದ ಖರ್ಚನ್ನು ವ್ಯಾಪಾರದ್ದಷ್ಟೇ ಎಂದು ಹೇಳಲಾಗದು ಎಂದು ಸುಪ್ರೀಂ ಕೋರ್ಟು 1953ರಲ್ಲಿ ಆ ಕೋರಿಕೆಯನ್ನು ತಳ್ಳಿಹಾಕಿತು.

ಆದರೆ ಕಾಲ ಕಳೆದಂತೆ ನ್ಯಾಯಾಲಯದ ಕಣ್ಣು ಉದಾರವಾಯಿತು. ಮದುರೆಯ ಶ್ರೀ ಮೀನಾಕ್ಷಿ ಮಿಲ್ಸ್‌ನ ಮೊಕದ್ದಮೆಯಲ್ಲಿ, 1960ರ ದಶಕದಲ್ಲಿ, ಸುಪ್ರೀಂ ಕೋರ್ಟು ಒಂದು ಮುಖ್ಯ ಮಾತು ಹೇಳಿತು. ವ್ಯಾಜ್ಯದಲ್ಲಿ ಗೆದ್ದರೋ ಸೋತರೋ ಎಂಬುದು ಮುಖ್ಯವಲ್ಲ, ಆ ವ್ಯಾಜ್ಯಕ್ಕೂ ವ್ಯಾಪಾರಕ್ಕೂ ಇರುವ ಸಂಬಂಧ ಎಂಥದು ಎಂಬುದೇ ಮುಖ್ಯ. 1973ರಲ್ಲಿ ರಾಜಾ ನರಸಿಂಗಗಿರ್ಜಿಯವರ ಮನೆತನದ ಧನರಾಜಗಿರ್ಜಿಯವರ ಮೊಕದ್ದಮೆಯಲ್ಲಿ ಇನ್ನೂ ಮುಂದೆ ಹೋಗಿ, ತೆರಿಗೆದಾರ ಯಾವ ಸಂದರ್ಭದಲ್ಲಿ ಎಷ್ಟು ಖರ್ಚು ಮಾಡಬೇಕೆಂದು ಹೇಳಿಕೊಡುವುದು ಇಲಾಖೆಯ ಕೆಲಸವಲ್ಲ ಎಂದಿತು. ಸಿವಿಲ್ ವ್ಯಾಜ್ಯವೋ ಕ್ರಿಮಿನಲ್ ವ್ಯಾಜ್ಯವೋ ಎಂಬ ಗೆರೆಯೂ ಮಸುಕಾಯಿತು.

ಈ ಉದಾರತೆ ಸ್ವಂತ ವೃತ್ತಿ ನಡೆಸುವವರಿಗೂ ಸಿಕ್ಕಿತು. ವೈದ್ಯರ ಸೇವೆಗೂ ಗ್ರಾಹಕ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟು 1995ರಲ್ಲಿ ತೀರ್ಪಿತ್ತ ಮೇಲೆ ವೈದ್ಯರು ಗ್ರಾಹಕ ವೇದಿಕೆಗಳಲ್ಲಿ ನಿಲ್ಲುವುದು ಸಾಮಾನ್ಯವಾಯಿತು. ಸ್ವಂತ ಕ್ಲಿನಿಕ್ ನಡೆಸುವ ವೈದ್ಯರು ಅಂಥ ದೂರನ್ನು ಎದುರಿಸಲು ಕೊಟ್ಟ ಫೀಸನ್ನು ಸಾಮಾನ್ಯವಾಗಿ ವೃತ್ತಿಯ ಖರ್ಚೆಂದು ತೋರಿಸಬಹುದು. ನರ್ಸಿಂಗ್ ಹೋಮಿನಲ್ಲಿ ಸಂಬಳಕ್ಕಿರುವ ವೈದ್ಯರು ಅದೇ ಬಗೆಯ ದೂರಿಗೆ ಅದೇ ವಕೀಲರನ್ನು ಹಿಡಿದರೂ ಸಂಬಳದಿಂದ ಒಂದು ಪೈಸೆ ಕಳೆಯುವಂತಿಲ್ಲ.

ಹತ್ತು ವರ್ಷದ ಬಾಗಿಲು

1961ರ ಕಾಯ್ದೆ ಬಂದಾಗ ಸಂಬಳದಾರರಿಗೆ ಕೆಲವು ಖರ್ಚುಗಳನ್ನು ಬಿಡಿಬಿಡಿಯಾಗಿ ತೋರಿಸಲು ಅವಕಾಶವಿತ್ತು. ಆ ಕಾಯ್ದೆಯ 16ನೆಯ ಕಲಮಿನಂತೆ ಕರ್ತವ್ಯಕ್ಕೆ ಬೇಕಾದ ಪುಸ್ತಕಗಳಿಗೆಂದು 500 ರೂಪಾಯಿವರೆಗೆ ಕಳೆಯಬಹುದಿತ್ತು. ಕೆಲಸಕ್ಕಾಗಿ ಇಟ್ಟುಕೊಂಡ ವಾಹನದ ಖರ್ಚಿಗೂ ಅವಕಾಶವಿತ್ತು. ಕೊನೆಯಲ್ಲಿ ಇಂಗ್ಲೆಂಡಿನ ಆ ಹಳೆಯ ಮಾತೂ ಇತ್ತು: ನೌಕರಿಯ ಷರತ್ತಿನಂತೆ, ಪೂರ್ಣವಾಗಿ, ಅವಶ್ಯವಾಗಿ, ಕೇವಲ ಕರ್ತವ್ಯ ನಿರ್ವಹಣೆಯಲ್ಲಿ ಆದ ಖರ್ಚು. ವಕೀಲರ ಫೀಸು ಆ ಸೂಜಿಯ ಕಣ್ಣಿನಲ್ಲಿ ತೂರುವುದು ಕಷ್ಟವೇ ಇತ್ತು. ಆದರೂ ವಾದ ಮಾಡಲು ಒಂದು ಕಲಮಾದರೂ ಇತ್ತು.

1974ರಲ್ಲಿ ಅದೂ ಹೋಯಿತು. ಪ್ರತಿಯೊಬ್ಬ ನೌಕರನ ಪುಸ್ತಕದ ಬಿಲ್ಲು, ಸ್ಕೂಟರಿನ ಪೆಟ್ರೋಲು ಬಿಲ್ಲು ನೋಡಿ ಇಲಾಖೆಗೂ ಸಾಕಾಗಿತ್ತು, ನೌಕರರಿಗೂ ಸಾಕಾಗಿತ್ತು. ವೈ.ಬಿ. ಚವಾಣರು ಹಣಕಾಸು ಮಂತ್ರಿಯಾಗಿದ್ದಾಗಿನ ಆ ವರ್ಷದ ಹಣಕಾಸು ಕಾಯ್ದೆ ಬಿಲ್ಲುಗಳನ್ನೆಲ್ಲ ಬದಿಗಿಟ್ಟು ಎಲ್ಲರಿಗೂ ಒಂದೇ ಸಗಟು ಕಡಿತವನ್ನು ತಂದಿತು. ‘ಸ್ಟ್ಯಾಂಡರ್ಡ್ ಡಿಡಕ್ಷನ್’ ಎಂಬ ಮಾತು ನಮ್ಮ ಕಚೇರಿಗಳಿಗೆ ಪರಿಚಯವಾದದ್ದು ಆಗ. ಸಂಬಳದ ಮೊದಲ 10,000 ರೂಪಾಯಿಗೆ ಶೇಕಡ 20, ಅದರ ಮೇಲಿನದಕ್ಕೆ ಶೇಕಡ 10, ಒಟ್ಟು 3,500 ರೂಪಾಯಿಗೆ ಮೀರದಂತೆ. ರಸೀದಿ ಬೇಡ, ವಿವರಣೆ ಬೇಡ. ನೌಕರರಿಗೆ ಇದು ಸಂತೋಷದ ಸುದ್ದಿಯೇ ಆಗಿತ್ತು. ಅದಕ್ಕೆ ಕೊಟ್ಟ ಬೆಲೆ ಏನೆಂದರೆ, ಸಗಟಿಗಿಂತ ಹೆಚ್ಚು ಖರ್ಚಾಯಿತು ಎಂದು ಹೇಳುವ ಹಕ್ಕು ಹೋಯಿತು.

ಇದಾದ ಸ್ವಲ್ಪ ಕಾಲದಲ್ಲೇ ಇನ್ನೊಂದು ಮೂಲೆಯಲ್ಲಿ ಒಂದು ಬಾಗಿಲು ತೆರೆಯಿತು. 1975ರ ತಿದ್ದುಪಡಿ ಕಾಯ್ದೆ 80-ವಿವಿ ಎಂಬ ಕಲಮನ್ನು ಸೇರಿಸಿತು. ಅದು 1976ರ ಏಪ್ರಿಲ್ 1ರಿಂದ ಜಾರಿಗೆ ಬಂತು. ವರಮಾನ ತೆರಿಗೆಯ ಬಗ್ಗೆಯೇ ಅಧಿಕಾರಿಗಳ ಮುಂದೆ, ಮೇಲ್ಮನವಿ ನ್ಯಾಯಮಂಡಳಿಯ ಮುಂದೆ ಅಥವಾ ನ್ಯಾಯಾಲಯದ ಮುಂದೆ ನಡೆಸಿದ ವ್ಯಾಜ್ಯದ ಖರ್ಚನ್ನು ವರ್ಷಕ್ಕೆ 5,000 ರೂಪಾಯಿವರೆಗೆ ಯಾವ ತೆರಿಗೆದಾರನಾದರೂ ಕಳೆಯಬಹುದು ಎಂದು ಅದರ ಅರ್ಥ. ‘ಯಾವ ತೆರಿಗೆದಾರನಾದರೂ’ ಎಂಬ ಮಾತಿನಲ್ಲಿ ಸಂಬಳದಾರನೂ ಸೇರಿದ್ದ. ದೊಡ್ಡ ಕಂಪೆನಿಗೂ ಮಿತಿ 5,000, ಮೈಸೂರಿನ ಮೇಷ್ಟ್ರಿಗೂ ಮಿತಿ 5,000. ಕಂಪೆನಿಗೆ ಅದು ಕಡಿವಾಣ, ಮೇಷ್ಟ್ರಿಗೆ ಅದೊಂದು ಅನುಕೂಲ.

1985ರ ಹಣಕಾಸು ಕಾಯ್ದೆ ಈ ಕಲಮನ್ನು 1986ರ ಏಪ್ರಿಲ್ 1ರಿಂದ ತೆಗೆದುಹಾಕಿತು. ಇದರ ಫಲ ಇಬ್ಬರಿಗೂ ಒಂದೇ ಆಗಲಿಲ್ಲ. ಕಂಪೆನಿಗೆ ಕಡಿವಾಣ ತಪ್ಪಿತು. ಅದು ಮತ್ತೆ 37ನೆಯ ಕಲಮಿನ ಹೆಬ್ಬಾಗಿಲಿನಿಂದ ತನ್ನ ತೆರಿಗೆ ವಕೀಲರ ಫೀಸನ್ನು ಮಿತಿಯಿಲ್ಲದೆ ತೋರಿಸಬಹುದಾಯಿತು. ಮೇಷ್ಟ್ರಿಗೆ ಹೆಬ್ಬಾಗಿಲು ಮೊದಲೇ ಇರಲಿಲ್ಲ, ಈಗ ಇದ್ದ ಕಿರುಬಾಗಿಲೂ ಮುಚ್ಚಿತು. ಸಂಬಳದಾರನಿಗೆ ವಕೀಲರ ಫೀಸಿನ ಲೆಕ್ಕವನ್ನು ನಮ್ಮ ಕಾನೂನು ಹೆಸರಿಟ್ಟು ಒಪ್ಪಿದ್ದು ಆ ಹತ್ತು ವರ್ಷ, ಅದೂ ತೆರಿಗೆಯ ವ್ಯಾಜ್ಯಕ್ಕೆ ಮಾತ್ರ.

ಸಗಟು ಕಡಿತವೂ ಗಟ್ಟಿಯಾಗಿ ನಿಲ್ಲಲಿಲ್ಲ. 2005ರ ಹಣಕಾಸು ಕಾಯ್ದೆ ಅದನ್ನು ರದ್ದು ಮಾಡಿತು. ಹನ್ನೆರಡು ವರ್ಷಗಳಿಗೂ ಮಿಕ್ಕು ಸಂಬಳದಾರರಿಗೆ ಬಿಲ್ಲೂ ಇಲ್ಲ, ಸಗಟೂ ಇಲ್ಲ ಎಂಬ ಸ್ಥಿತಿ ಇತ್ತು. 2018ರಲ್ಲಿ ಅದು 40,000 ರೂಪಾಯಿಯಾಗಿ ಮರಳಿತು, ಆದರೆ ಪ್ರಯಾಣ ಭತ್ಯೆ ಮತ್ತು ವೈದ್ಯಕೀಯ ವೆಚ್ಚಗಳಿಗಿದ್ದ ರಿಯಾಯಿತಿಯನ್ನು ನುಂಗಿಕೊಂಡು. 2019ರಲ್ಲಿ 50,000 ಆಯಿತು. 2024ರಲ್ಲಿ ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ 75,000 ಆಯಿತು. ಹಳೆಯ ಪದ್ಧತಿಯಲ್ಲಿ ಉಳಿದವರು ಇದರ ಜೊತೆಗೆ ವೃತ್ತಿ ತೆರಿಗೆಯನ್ನೂ ಕಳೆಯಬಹುದು. ಸಂವಿಧಾನದ ಮಿತಿಯಂತೆ ಅದು ವರ್ಷಕ್ಕೆ 2,500 ರೂಪಾಯಿಗೆ ಮೀರುವುದಿಲ್ಲ. ಕೆಲಸದಲ್ಲಿದ್ದೇನೆ ಎಂಬ ಕಾರಣಕ್ಕೆ ಕಟ್ಟುವ ತೆರಿಗೆಗೆ ಲೆಕ್ಕವುಂಟು. ಕೆಲಸ ಉಳಿಸಿಕೊಳ್ಳಲು ಕೊಟ್ಟ ಫೀಸಿಗೆ ಇಲ್ಲ. 1961ರ ಕಾಯ್ದೆಯ ಬದಲಿಗೆ ಸಂಸತ್ತು 2025ರಲ್ಲಿ ಹೊಸ ವರಮಾನ ತೆರಿಗೆ ಕಾಯ್ದೆಯನ್ನು ಅಂಗೀಕರಿಸಿತು. ಅದು ಜಾರಿಯ ದಿನವೆಂದು ಗೊತ್ತುಮಾಡಿದ್ದು 2026ರ ಏಪ್ರಿಲ್ 1. ಭಾಷೆ ಸರಳವಾಯಿತು, ಕಲಮುಗಳ ಸಂಖ್ಯೆ ಬದಲಾಯಿತು. ಈ ವಿಷಯದಲ್ಲಿ ತಿರುಳು ಬದಲಾಗಲಿಲ್ಲ.

ಹೊರಗಿನವರು ಏನು ಮಾಡಿದರು?

ಇದು ಎಲ್ಲ ದೇಶಗಳಲ್ಲೂ ಹೀಗೆಯೇ ಎಂದು ತಿಳಿಯಬೇಕಾಗಿಲ್ಲ. ಮಕ್ಕಳು ಟೊರಾಂಟೊದಲ್ಲೋ ಸಿಡ್ನಿಯಲ್ಲೋ ಕೆಲಸದಲ್ಲಿರುವ ಮೈಸೂರಿನ ಮನೆಗಳು ಈಗ ಕಡಿಮೆಯೇನಲ್ಲ. ಅವರನ್ನು ಕೇಳಿದರೆ ಬೇರೆಯೇ ಉತ್ತರ ಸಿಕ್ಕೀತು. ಕೆನಡಾದ ಕಾನೂನು, ಬರಬೇಕಾದ ಸಂಬಳವನ್ನು ವಸೂಲಿ ಮಾಡಲು ಅಥವಾ ಅದರ ಮೇಲಿನ ಹಕ್ಕನ್ನು ಸ್ಥಾಪಿಸಲು ನೌಕರ ಕೊಟ್ಟ ವಕೀಲರ ಫೀಸನ್ನು ಕಳೆಯಲು ಬಿಡುತ್ತದೆ. ಆಸ್ಟ್ರೇಲಿಯದಲ್ಲಿ ಕಸ್ಟಮ್ಸ್ ಇಲಾಖೆಯ ಅಧಿಕಾರಿಯೊಬ್ಬರ ಮೇಲೆ ಶಿಸ್ತಿನ ಆರೋಪ ಬಂದಿತ್ತು. ಅದನ್ನು ಎದುರಿಸಿದ ಖರ್ಚಿಗೆ ಕಡಿತ ಸಲ್ಲುತ್ತದೆ ಎಂದು ಅಲ್ಲಿನ ಹೈಕೋರ್ಟು, ಅಂದರೆ ಆ ದೇಶದ ಅತ್ಯುನ್ನತ ನ್ಯಾಯಾಲಯ, 2008ರಲ್ಲಿ ಹೇಳಿತು. ಆ ನೌಕರಿಯಲ್ಲಿದ್ದುದರಿಂದಲೇ ಅವರು ಆರೋಪಕ್ಕೆ ಗುರಿಯಾದದ್ದು, ಸಂಬಳಕ್ಕೆ ಕುತ್ತು ಬಂದದ್ದು ಎಂಬುದು ಅಲ್ಲಿಯ ತರ್ಕ. ‘ಅವಶ್ಯವಾಗಿ’ ಎಂಬ ಪದವನ್ನು ಹುಟ್ಟಿಸಿದ ಬ್ರಿಟನ್ ಕೂಡ 1995ರಲ್ಲಿ, ಕೆಲಸಕ್ಕೆ ಸಂಬಂಧಿಸಿ ತನ್ನ ಮೇಲೆ ಬಂದ ಹೊಣೆಯನ್ನು ಎದುರಿಸುವ ನೌಕರನಿಗೆ ರಿಯಾಯಿತಿ ಕೊಟ್ಟಿತು. ಅಮೆರಿಕ ಮಾತ್ರ ಹಿಮ್ಮುಖವಾಗಿ ನಡೆದಿದೆ. ನೌಕರರ ಇಂಥ ಖರ್ಚಿಗೆ ಒಂದು ಪ್ರಮಾಣದ ಮೇಲೆ ಅಲ್ಲಿದ್ದ ಕಡಿತವನ್ನು 2018ರಿಂದ ತಡೆಹಿಡಿದು, 2025ರಲ್ಲಿ ಕಾಯಮ್ಮಾಗಿ ಕೈಬಿಟ್ಟಿತು. ಅಲ್ಲಿಯೂ, ಕೆಲಸದಲ್ಲಿ ಅಕ್ರಮ ತಾರತಮ್ಯಕ್ಕೆ ಗುರಿಯಾಗಿ ದಾವೆ ಹೂಡಿದವರ ಫೀಸಿಗೆ 2004ರ ಕಾನೂನು ಕೊಟ್ಟ ರಕ್ಷಣೆ ಉಳಿದಿದೆ.

ಈಗ ಮಾಡಬಹುದಾದ್ದು

ನಮ್ಮ ಗುಮಾಸ್ತರು ಬರಿಗೈಯಲ್ಲಿ ಹಿಂದಿರುಗಬೇಕೇ? ಪೂರ್ತಿ ಹಾಗಲ್ಲ. ಹಲವು ವರ್ಷಗಳ ಹಿಂಬಾಕಿ ಸಂಬಳ ಒಂದೇ ವರ್ಷ ಬಂದಾಗ ತೆರಿಗೆಯ ದರ ಮೇಲಕ್ಕೆ ಹಾರುತ್ತದೆ. ಇದರಿಂದಾಗುವ ಅನ್ಯಾಯಕ್ಕೆ ಕಾನೂನಿನಲ್ಲಿ ಪರಿಹಾರವಿದೆ. 1961ರ ಕಾಯ್ದೆಯಲ್ಲಿ ಅದು 89ನೆಯ ಕಲಮು, ಹೊಸ ಕಾಯ್ದೆಯಲ್ಲೂ ಅದಕ್ಕೆ ಸ್ಥಾನವಿದೆ. ಹಿಂಬಾಕಿಯನ್ನು ಅದು ಸಲ್ಲಬೇಕಾಗಿದ್ದ ವರ್ಷಗಳಿಗೆ ಹಂಚಿ, ಆಗಲೇ ಬಂದಿದ್ದರೆ ಎಷ್ಟು ತೆರಿಗೆ ಆಗುತ್ತಿತ್ತು ಎಂದು ಲೆಕ್ಕ ಹಾಕಿ, ಹೆಚ್ಚಾದದ್ದನ್ನು ಬಿಟ್ಟುಕೊಡುತ್ತಾರೆ. ಇದಕ್ಕೆ ಪ್ರತ್ಯೇಕ ಫಾರಂ ತುಂಬಬೇಕು. ಹಳೆಯ ಕಾಯ್ದೆಯಲ್ಲಿ ಅದು 10-ಇ. ರಿಟರ್ನ್ಸ್‌ಗೆ ಮೊದಲೇ ಅದನ್ನು ಸಲ್ಲಿಸದೆ ಪರಿಹಾರ ಕಳೆದುಕೊಂಡವರು ಬಹಳ. ಆದರೆ ಇಲ್ಲಿ ಹಂಚಿಕೆಯಾಗುವುದು ಆರು ಲಕ್ಷವೇ, ಐದು ಲಕ್ಷವಲ್ಲ. ಫೀಸು ಇಲ್ಲಿಯೂ ಕಳೆಯುವುದಿಲ್ಲ.

ಫೀಸನ್ನು ಮರಳಿ ಪಡೆಯುವ ದಾರಿ ತೆರಿಗೆ ಕಚೇರಿಯಲ್ಲಲ್ಲ, ನ್ಯಾಯಾಲಯದಲ್ಲೇ ಇದೆ. ಸೋತವನು ಗೆದ್ದವನ ಖರ್ಚು ಕೊಡುವುದು ಸಾಮಾನ್ಯ ನಿಯಮ ಎಂದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯೇ ಹೇಳುತ್ತದೆ. ಹೆಸರಿಗೆ ಒಂದಿಷ್ಟು ಕೊಡಿಸುವ ಬದಲು ನಿಜವಾಗಿ ಆದ, ಯುಕ್ತವಾದ ಖರ್ಚನ್ನು ಕೊಡಿಸಬೇಕೆಂದು ಸುಪ್ರೀಂ ಕೋರ್ಟು 2005ರಲ್ಲಿ ಸೇಲಂ ವಕೀಲರ ಸಂಘದ ಮೊಕದ್ದಮೆಯಲ್ಲಿ ಹೇಳಿದೆ. ಆದರೂ ಎಷ್ಟೋ ಸೇವಾ ವ್ಯಾಜ್ಯಗಳು ‘ಅವರವರ ಖರ್ಚು ಅವರವರಿಗೆ’ ಎಂಬ ಸಾಲಿನೊಂದಿಗೆ ಮುಗಿಯುತ್ತವೆ. ವಕೀಲರಿಗೆ ಹಣ ಕೊಟ್ಟಾಗ ರಸೀದಿ ಪಡೆದು, ಖರ್ಚಿನ ಪಟ್ಟಿಯನ್ನು ವಾದ ಮುಗಿಯುವ ಮೊದಲೇ ನ್ಯಾಯಾಲಯದ ಮುಂದಿಡುವಂತೆ ವಕೀಲರನ್ನು ಕೇಳಿಕೊಳ್ಳುವುದು ಜಾಣತನ.

ಸರ್ಕಾರದ ಪಕ್ಷದಲ್ಲೂ ಮಾತಿಲ್ಲದೆ ಇಲ್ಲ. ಕೋಟ್ಯಂತರ ಸಂಬಳದಾರರ ಫೀಸಿನ ರಸೀದಿಗಳನ್ನು ನೋಡುವುದು ಸಾಧ್ಯವೇ? ಅಣ್ಣತಮ್ಮಂದಿರ ಆಸ್ತಿ ಜಗಳದ ಫೀಸನ್ನೂ ಕೆಲಸದ ಫೀಸೆಂದು ತೋರಿಸುವವರು ಹುಟ್ಟಿಕೊಳ್ಳುವುದಿಲ್ಲವೇ? ಇದನ್ನೆಲ್ಲ ಸೇರಿಸಿಯೇ 75,000 ಕೊಟ್ಟಿಲ್ಲವೇ? ಪ್ರಶ್ನೆಗಳು ನ್ಯಾಯವಾದವು. ಆದರೆ ಸಗಟು ಕಡಿತ ಎಲ್ಲರಿಗೂ ದಿನವೂ ಆಗುವ ಖರ್ಚಿಗೆ ಹೊಂದುತ್ತದೆ. ಕೋರ್ಟಿನ ಖರ್ಚು ಎಲ್ಲರಿಗೂ ಬರುವುದಿಲ್ಲ. ಬಂದವನಿಗೆ ಒಮ್ಮೆಗೇ, ಅದೂ ಸಂಬಳ ನಿಂತ ಕಾಲದಲ್ಲಿ ಬರುತ್ತದೆ. ನ್ಯಾಯಾಲಯವೇ ಸಂಬಳ ಕೊಡಿಸಿದ ಪ್ರಕರಣಗಳಲ್ಲಿ ಮಾತ್ರ, ರಸೀದಿಯ ಆಧಾರದ ಮೇಲೆ, ಒಂದು ಮಿತಿಗೆ ಒಳಪಟ್ಟು ಕಡಿತ ಕೊಟ್ಟರೆ ಮೋಸಕ್ಕೆ ಎಡೆ ಕಡಿಮೆ. ತೀರ್ಪಿನ ಪ್ರತಿಗಿಂತ ದೊಡ್ಡ ಪುರಾವೆ ಯಾವುದು? ಮಿತಿ ಹಾಕಿ ಎಲ್ಲರಿಗೂ ಕೊಡುವ ಉಪಾಯವೂ ನಮಗೆ ಹೊಸದಲ್ಲ. 1976ರಿಂದ ಹತ್ತು ವರ್ಷ ಅದನ್ನು ನಡೆಸಿ ನೋಡಿದ್ದೇವೆ.

ಅಲ್ಲಿಯವರೆಗೆ ಕಾರ್ಖಾನೆಯ ಗುಮಾಸ್ತರು ರಸೀದಿಗಳನ್ನು ಮತ್ತೆ ಫೈಲಿಗೆ ಸೇರಿಸಿ ದಾರ ಕಟ್ಟುತ್ತಾರೆ. ಇಡೀ ಜೀವಮಾನ ಬೇರೆಯವರ ಖರ್ಚನ್ನು ಸರಿಯಾದ ಕಾಲಮ್ಮಿನಲ್ಲಿ ಬರೆದವರು ಅವರು. ಫಾರಂ 10-ಇ ತುಂಬಿಸಿಕೊಂಡು, ಆಡಿಟರಿಗೆ ಅವರ ಫೀಸು ಕೊಟ್ಟು ಮೆಟ್ಟಿಲಿಳಿಯುತ್ತಾರೆ. ಆ ಫೀಸಿಗೂ ಕಾಲಮ್ಮಿಲ್ಲ.